ಅಪ್ಪನ ಒಂದು ಕಣ್ಣು ಹೋಯಿತು. ಈಗ ಕುತ್ತಿಗೆ, ಎದೆ, ತಲೆ ಪರೀಕ್ಷೆ ಅಂತಾರೆ. ನಿಜಕ್ಕೂ ಬೇಕಾ?

ಬಿಜೈ ಹುಡುಗ · ಭಾನುವಾರ, ಮಧ್ಯಾಹ್ನ 3.10

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಬೇಡಿ.

ಅಪ್ಪನಿಗೆ 67 ವರ್ಷ. ಮಂಗಳೂರಿನ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿ ಮೂವತ್ತು ವರ್ಷ ದುಡಿದವರು. ಕಳೆದ ಗುರುವಾರ ಬೆಳಿಗ್ಗೆ ಪೇಪರ್ ಓದುತ್ತಿದ್ದವರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಒರೆಸಿದರು. ಮೂರನೇ ಸಲ ಒರೆಸುವಾಗ ಅಮ್ಮ ಎಂತ ಆಯಿತು ಎಂದು ಕೇಳಿದರು. ಬಲಗಣ್ಣಿನಲ್ಲಿ ಏನೂ ಕಾಣುತ್ತಿಲ್ಲ ಅಂದರು. ಅಂಚಿನಲ್ಲಿ ಕೈ ಆಡಿಸಿದರೆ ನೆರಳು ಹಾದ ಹಾಗೆ, ಅಷ್ಟೇ. ನೋವಿಲ್ಲ, ಕೆಂಪಾಗಿಲ್ಲ, ನೀರು ಸುರಿಯಲಿಲ್ಲ. ನೋವಿಲ್ಲ ಎಂಬ ಕಾರಣಕ್ಕೆ ನಾವ್ಯಾರೂ ಗಾಬರಿಯಾಗಲಿಲ್ಲ. ನಾನು ಕೆಲಸಕ್ಕೆ ಹೋದೆ. ಈಗ ಅದನ್ನು ನೆನೆಸಿದರೆ ಅನ್ನ ಇಳಿಯುವುದಿಲ್ಲ.

ಸಂಜೆ ಹತ್ತಿರದ ಒಂದು ಕಡೆ ತೋರಿಸಿದೆವು. ಪೊರೆ ಇರಬಹುದು ಎಂದು ಡ್ರಾಪ್ಸ್ ಕೊಟ್ಟು ಸೋಮವಾರ ಬನ್ನಿ ಅಂದರು. ಶುಕ್ರವಾರ ನನಗೆ ಮನಸ್ಸು ಕೇಳದೆ ಬೇರೆ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಮದ್ದು ಬಿಟ್ಟು, ಕಣ್ಣಿನ ಒಳಗೆ ಲೈಟ್ ಹಾಕಿ ನೋಡಿದ ಕೂಡಲೇ ಸುಮ್ಮನಾದರು. ಕಣ್ಣಿನ ಒಳಗಿನ ಪರದೆಯಾದ ರೆಟಿನಾಕ್ಕೆ ರಕ್ತ ಕೊಡುವ ಮುಖ್ಯ ನಾಳವೇ ಕಟ್ಟಿಕೊಂಡಿದೆಯಂತೆ. ರೆಟಿನಾ ಬಿಳಿಚಿಕೊಂಡು, ನಡುವಿನಲ್ಲಿ ಚೆರ್ರಿ ಹಣ್ಣಿನಂಥ ಕೆಂಪು ಚುಕ್ಕೆ. ಈ ಕಣ್ಣಿಗೆ ಮಾಡುವುದು ಹೆಚ್ಚೇನೂ ಉಳಿದಿಲ್ಲ, ಆದರೆ ಇವತ್ತೇ ನ್ಯೂರಾಲಜಿಯವರನ್ನು ನೋಡಿ ಎಂದು ಚೀಟಿ ಬರೆದರು. ತಲೆಯ ಎಂಆರ್‌ಐ, ಕುತ್ತಿಗೆಯ ರಕ್ತನಾಳ ನೋಡುವ ಡಾಪ್ಲರ್ ಸ್ಕ್ಯಾನ್, ಇಸಿಜಿ, ಹೃದಯದ ಸ್ಕ್ಯಾನ್ ಎಕೋ, ಒಂದು ರಾಶಿ ರಕ್ತ ಪರೀಕ್ಷೆ.

ಅಪ್ಪ ಒಪ್ಪುತ್ತಿಲ್ಲ. "ಹೋದದ್ದು ಕಣ್ಣು. ಹಂಪನಕಟ್ಟೆಗೆ ಟಿಕೆಟ್ ತೆಗೆದವನನ್ನು ಸುರತ್ಕಲ್‌ಗೆ ಕರೆದುಕೊಂಡು ಹೋಗುತ್ತಾರಲ್ಲ" ಅನ್ನುತ್ತಾರೆ. ಬಿಪಿ ಇದೆ, ಮಾತ್ರೆಯನ್ನು ಒಂದು ವರ್ಷದ ಹಿಂದೆ ತಾವೇ ನಿಲ್ಲಿಸಿದ್ದಾರೆ. ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಉಂಟು.

ಇವತ್ತು ಭಾನುವಾರ. ಇನ್ನೂ ಹೋಗಿಲ್ಲ. ಒಂದು ತಿಂಗಳು ಬಿಟ್ಟು, ಅವರ ಮನಸ್ಸು ಸಮಾಧಾನಕ್ಕೆ ಬಂದ ಮೇಲೆ ಮಾಡಿಸಿದರೆ ಆಗುತ್ತದಾ?

ಕಾಪು ದೀಪ · 3.18

ಇಲ್ಲ. ಈಗಲೇ ಹೊರಡಿ. ಉತ್ತರಗಳನ್ನು ದಾರಿಯಲ್ಲಿ ಓದಿ.

ಟೆಸ್ಟಿಗೆ ಸಾಕಾದವ · 3.31

ನಾನು ಸ್ವಲ್ಪ ಬೇರೆ ಹೇಳುತ್ತೇನೆ. ಕಳೆದ ವರ್ಷ ನನ್ನ ಮೊಣಕಾಲು ನೋವಿಗೆ ಎಂಆರ್‌ಐ ಮಾಡಿಸಿದರು. ಕೊನೆಗೆ ಕೊಟ್ಟದ್ದು ನೋವಿನ ಮಾತ್ರೆ ಮತ್ತು ವ್ಯಾಯಾಮ. ಕಣ್ಣಿಗೆ ಏನೂ ಮಾಡಲಿಕ್ಕೆ ಆಗುವುದಿಲ್ಲ ಅಂತ ಅವರೇ ಹೇಳಿದ ಮೇಲೆ ಉಳಿದ ಪರೀಕ್ಷೆ ಯಾರ ಲಾಭಕ್ಕೆ? ಕೇಳುವುದರಲ್ಲಿ ತಪ್ಪಿಲ್ಲ ಅಲ್ವಾ.

ಗಂಜಿ ಊಟ · 3.52

ಕೇಳುವುದರಲ್ಲಿ ತಪ್ಪಿಲ್ಲ. ಉತ್ತರ ಕೊಡುತ್ತೇನೆ. ನಾನು ಮೆಡಿಸಿನ್ ಓದಿದವ, ಉಡುಪಿ ಕಡೆ ಕೆಲಸ. ರೋಗಿಯನ್ನು ನೋಡದೆ ಬರೆಯುತ್ತಿದ್ದೇನೆ ಎಂಬುದು ನೆನಪಿರಲಿ.

ಮಂಗಳೂರಿಗೆ ನೀರು ತುಂಬೆಯ ಅಣೆಕಟ್ಟಿನಿಂದ ಬರುತ್ತದೆ. ದೊಡ್ಡ ಪೈಪಿನ ಒಳಗೆ ಕಟ್ಟಿದ ತುಕ್ಕಿನ ಒಂದು ಚಕ್ಕೆ ಎದ್ದು ಬಂದು ನಿಮ್ಮ ಮನೆಯ ನಲ್ಲಿಯಲ್ಲಿ ಸಿಕ್ಕಿಕೊಂಡಿತು ಅಂತ ಇಟ್ಟುಕೊಳ್ಳಿ. ನೀವು ನಲ್ಲಿ ಹಾಳಾಯಿತು ಅನ್ನುತ್ತೀರಿ. ಪ್ಲಂಬರ್ ಕೇಳುವ ಪ್ರಶ್ನೆ ಬೇರೆ. ಚಕ್ಕೆ ಎಲ್ಲಿಂದ ಬಂತು, ಅಲ್ಲಿ ಇನ್ನೆಷ್ಟು ಉಂಟು?

ಕುತ್ತಿಗೆಯ ಎರಡು ಬದಿಯಲ್ಲಿ ಕ್ಯಾರೋಟಿಡ್ ಎಂಬ ದೊಡ್ಡ ರಕ್ತನಾಳ ಇದೆ. ಅದು ತಲೆಬುರುಡೆಯೊಳಗೆ ಹೋದ ಮೇಲೆ ಬಿಡುವ ಮೊದಲ ಮುಖ್ಯ ಕವಲು ಕಣ್ಣಿಗೆ. ಅದೇ ನಾಳ ಮುಂದೆ ಹೋಗಿ ಮಿದುಳಿಗೆ ರಕ್ತ ಕೊಡುತ್ತದೆ. ಹೃದಯದಿಂದಲೋ ಕುತ್ತಿಗೆಯಿಂದಲೋ ಎದ್ದ ಚೂರು ಆ ಕವಲಿಗೆ ತಿರುಗಿದರೆ ಕಣ್ಣು, ನೇರ ಹೋದರೆ ಮಿದುಳು. ರೆಟಿನಾ ಕೂಡ ಮಿದುಳಿನದೇ ಒಂದು ಚಾಚು. ಹಾಗಾಗಿ ಇದು ಕಣ್ಣಿನಲ್ಲಿ ಆದ ಸ್ಟ್ರೋಕ್, ಅಂದರೆ ರಕ್ತ ನಿಂತು ಆದ ಹಾನಿ. ಅಮೆರಿಕದ ಹೃದ್ರೋಗ ಮತ್ತು ಸ್ಟ್ರೋಕ್ ತಜ್ಞರ ಸಂಘಗಳು 2013ರಲ್ಲಿ ಸ್ಟ್ರೋಕ್ ಎಂದರೆ ಏನು ಎಂದು ಹೊಸದಾಗಿ ಬರೆದಾಗ ರೆಟಿನಾವನ್ನೂ ಅದರೊಳಗೆ ಸೇರಿಸಿದವು. 2021ರಲ್ಲಿ ಈ ಒಂದು ಕಾಯಿಲೆಗೆಂದೇ ಬೇರೆ ಸಲಹೆ ಹೊರಡಿಸಿದರು.

ಈಗ ಯಾಕೆ ಅವಸರ ಅಂದರೆ, ಮುಂದಿನ ಸ್ಟ್ರೋಕ್ ಬರುವ ಅಪಾಯ ಎಲ್ಲ ದಿನವೂ ಒಂದೇ ರೀತಿ ಇರುವುದಿಲ್ಲ. ಮೊದಲ ಒಂದೆರಡು ವಾರ ಅತಿ ಹೆಚ್ಚು. ತಿಂಗಳು ಕಳೆದ ಹಾಗೆ ಇಳಿಯುತ್ತದೆ, ಆದರೆ ಪೂರ್ತಿ ಹೋಗುವುದಿಲ್ಲ. ಕಣ್ಣಿನ ನಾಳ ಕಟ್ಟಿದವರಿಗೆ ತಕ್ಷಣ ಎಂಆರ್‌ಐ ಮಾಡಿದರೆ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಮಿದುಳಿನಲ್ಲೂ ಹೊಸ ಕಲೆ ಕಾಣುತ್ತದೆ. ಅವರಿಗೆ ಕೈಕಾಲು ಸರಿ ಇರುತ್ತದೆ, ಮಾತು ಸರಿ ಇರುತ್ತದೆ, ಗೊತ್ತೇ ಆಗಿರುವುದಿಲ್ಲ. ನೀವು ಬಿಡಬೇಕೆಂದಿರುವ ಆ ಒಂದು ತಿಂಗಳೇ ಬಿಡಬಾರದ ತಿಂಗಳು.

ಟೆಸ್ಟಿಗೆ ಸಾಕಾದವ · 4.05

ಸರಿ ಡಾಕ್ಟ್ರೇ, ಮಿದುಳು ಅರ್ಥವಾಯಿತು. ಹೃದಯ?

ಗಂಜಿ ಊಟ · 4.20

ಎರಡು ರೀತಿ. ಒಂದು, ಚೂರು ಹೃದಯದಿಂದಲೇ ಬಂದಿರಬಹುದು. ಹೃದಯದ ಮೇಲಿನ ಕೋಣೆ ತಾಳ ತಪ್ಪಿ ಅದುರುತ್ತಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟುತ್ತದೆ. ಕವಾಟ ಕೆಟ್ಟಿದ್ದರೂ ಹಾಗೆ. ಅಂದ ಹಾಗೆ, 1859ರಲ್ಲಿ ಫಾನ್ ಗ್ರೇಫೆ ಎಂಬ ಜರ್ಮನ್ ವೈದ್ಯರು ಈ ಕಾಯಿಲೆಯನ್ನು ಮೊದಲು ವಿವರಿಸಿದಾಗ ಅವರ ರೋಗಿಗೆ ಇದ್ದದ್ದು ಹೃದಯದ ಕವಾಟದ ಸೋಂಕು. ಅಂದರೆ ಕಣ್ಣಿನಿಂದ ಎದೆಗೆ ದಾರಿ ಇದೆ ಎಂಬುದು ಇವತ್ತಿನ ಆಸ್ಪತ್ರೆಯವರು ಹುಟ್ಟಿಸಿದ ಕಥೆ ಅಲ್ಲ.

ಇನ್ನೊಂದು, ಕುತ್ತಿಗೆಯ ನಾಳದಲ್ಲಿ ಕೊಬ್ಬು ಕಟ್ಟಿದವರಿಗೆ ಹೃದಯದ ನಾಳದಲ್ಲಿ ಮಾತ್ರ ಕಟ್ಟದೆ ಬಿಡುತ್ತದಾ? ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್, ತಂಬಾಕು ಎಲ್ಲ ಕಡೆ ಒಂದೇ ಕೆಲಸ ಮಾಡುತ್ತವೆ. ಮೊದಲ ವಾರಗಳಲ್ಲಿ ಸ್ಟ್ರೋಕ್ ಭಯ ಜಾಸ್ತಿ. ವರ್ಷಗಳ ಲೆಕ್ಕದಲ್ಲಿ ನೋಡುವಾಗ ಹೃದಯಾಘಾತವನ್ನೂ ಅಷ್ಟೇ ಗಂಭೀರವಾಗಿ ತೆಗೆದುಕೊಳ್ಳಬೇಕು. ಹೋದ ಕಣ್ಣಿನಿಂದ ಯಾರೂ ಸಾಯುವುದಿಲ್ಲ. ಅದನ್ನು ಕಟ್ಟಿಹಾಕಿದ ಕಾಯಿಲೆ ಬೇರೆ ಮಾತು.

ಒಕ್ಕಣ್ಣ ಭಾವ · 5.40

ಹೆಸರು ನಾನೇ ಇಟ್ಟುಕೊಂಡದ್ದು, ಯಾರೂ ಪಾಪ ಅನ್ನಬೇಡಿ. ಬ್ರಹ್ಮಾವರದವ. ನನ್ನ ಕಥೆ ನಿಮ್ಮ ಅಪ್ಪನಿಗೆ ಓದಿ ಹೇಳಿ.

2016ರಲ್ಲಿ ನನಗೆ 52. ಹಿಂದಿನ ವಾರ ಎರಡು ಸಲ ಎಡಗಣ್ಣಿಗೆ ಯಾರೋ ಪರದೆ ಇಳಿಸಿದ ಹಾಗಾಗಿತ್ತು. ಯಕ್ಷಗಾನದಲ್ಲಿ ತೆರೆ ಹಿಡಿಯುತ್ತಾರಲ್ಲ, ಹಾಗೆ. ಐದು ನಿಮಿಷದಲ್ಲಿ ಸರಿ ಹೋಯಿತು. ರಾತ್ರಿಯಿಡೀ ಆಟ ನೋಡಿ ನಿದ್ದೆಗೆಟ್ಟದ್ದಕ್ಕೆ ಅಂದುಕೊಂಡೆ. ಮೂರನೇ ಸಲ ಇಳಿದ ಪರದೆ ಏಳಲೇ ಇಲ್ಲ.

ನನಗೂ ಚೀಟಿ ಬರೆದುಕೊಟ್ಟಿದ್ದರು. ಚೀಟಿಯನ್ನು ಮಡಚಿ ಪಂಚಾಂಗದ ಒಳಗೆ ಇಟ್ಟೆ. ಗದ್ದೆ ನೇಜಿಯ ಸಮಯ, ಆಳು ಸಿಗುವುದೇ ಕಷ್ಟ. ನಾಟಿ ಮುಗಿಯಲಿ ನೋಡುವ ಅಂದೆ. ಸರಿಯಾಗಿ 19ನೇ ದಿನ ಬೆಳಿಗ್ಗೆ ಚಾ ಗ್ಲಾಸು ಬಲಗೈಯಿಂದ ಜಾರಿ ಬಿತ್ತು. ಹೆಂಡತಿ ಬೈದಳು. ನಾನು ಉತ್ತರ ಕೊಡಲು ಬಾಯಿ ತೆರೆದರೆ ಮಾತು ಬರಲಿಲ್ಲ. ಎಡಬದಿಯ ಕ್ಯಾರೋಟಿಡ್ 80 ಪರ್ಸೆಂಟ್ ಕಟ್ಟಿತ್ತು. ಆಮೇಲೆ ಕುತ್ತಿಗೆ ಕೊಯ್ದು ಒಳಗಿನ ಕೊಬ್ಬು ತೆಗೆದರು. ಆಪರೇಷನ್ ಮಾಡಿದ ಡಾಕ್ಟರು ಒಂದೇ ಮಾತು ಹೇಳಿದರು. ಕಣ್ಣು ಹೋದ ವಾರವೇ ಬಂದಿದ್ದರೆ ಇದನ್ನೇ ಮಾಡುತ್ತಿದ್ದೆವು, ಕೈ ಉಳಿಯುತ್ತಿತ್ತು ಅಂತ.

ಮಾತು ಆರು ತಿಂಗಳಲ್ಲಿ ಮರಳಿತು. ಬಲಗೈಯಲ್ಲಿ ಈಗಲೂ ಅಂಗಿಯ ಗುಂಡಿ ಹಾಕಲಿಕ್ಕೆ ಆಗುವುದಿಲ್ಲ. 2021ರಲ್ಲಿ ಗುಡ್ಡೆ ಹತ್ತುವಾಗ ಎದೆ ಹಿಡಿದುಕೊಂಡಿತು, ಎರಡು ಸ್ಟೆಂಟ್. ಕಣ್ಣು, ಮಿದುಳು, ಎದೆ. ಮೂರಕ್ಕೂ ಕಾರಣ ಒಂದೇ. ದಿನಕ್ಕೆ ಒಂದು ಕಟ್ಟು ಬೀಡಿ.

ಮಲ್ಪೆ ಗಾಳಿ · 6.02

ಭಾವ, ಓದಿ ಕೈ ತಣ್ಣಗಾಯಿತು.

ಹಿತ್ತಲ ಮದ್ದು · 6.15

ಕಣ್ಣನ್ನು ಮೆಲ್ಲಗೆ ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡಿದರೆ ಕಟ್ಟಿದ್ದು ಸರಿಯುತ್ತದೆ ಅಂತ ಓದಿದ್ದೇನೆ. ಜೊತೆಗೆ ನಂದಿಬಟ್ಟಲಿನ ರಸ ಬಿಟ್ಟರೆ ದೃಷ್ಟಿ ಬರಬಹುದು. ಪ್ರಯತ್ನ ಮಾಡಿ ನೋಡಿ.

ಗಂಜಿ ಊಟ · 6.38

ರಸ ಖಂಡಿತ ಬೇಡ. ಕಣ್ಣಿಗೆ ಸೋಂಕು ಆಗಿ ಇರುವ ತೊಂದರೆಯ ಮೇಲೆ ಮತ್ತೊಂದು ಸೇರುತ್ತದೆ. ಒತ್ತುವುದನ್ನು ಹಿಂದೆ ಡಾಕ್ಟರುಗಳೂ ಮಾಡುತ್ತಿದ್ದರು, ಈಗಲೂ ಕೆಲವರು ಮಾಡುತ್ತಾರೆ. ಅದರಿಂದ ದೃಷ್ಟಿ ಮರಳುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಇಲ್ಲ.

ಇಲ್ಲಿ ಸಮಯದ ಲೆಕ್ಕ ಬಹಳ ಕ್ರೂರ. ಪಂಜಾಬಿನಲ್ಲಿ ಹುಟ್ಟಿ ಅಮೆರಿಕದ ಅಯೋವಾದಲ್ಲಿ ಕೆಲಸ ಮಾಡಿದ ಸೋಹನ್ ಸಿಂಗ್ ಹಾಯ್ರೆ ಮಂಗಗಳ ಮೇಲೆ ಪ್ರಯೋಗ ಮಾಡಿ ನೋಡಿದ್ದರು. ರೆಟಿನಾದ ನಾಳವನ್ನು 97 ನಿಮಿಷ ಮುಚ್ಚಿದರೂ ಅದು ತಡೆದುಕೊಂಡಿತು. ಆಮೇಲೆ ಹಾನಿ ಏರುತ್ತಾ ಹೋಗಿ, 240 ನಿಮಿಷಕ್ಕೆ ಸರಿಪಡಿಸಲಾಗದ ಸ್ಥಿತಿಗೆ ಬಂತು. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುವ ಯೋಚನೆ ಮಾಡುವುದಾದರೂ ನಾಲ್ಕೂವರೆ ಗಂಟೆಯ ಒಳಗೆ. ಅದೂ ಎಲ್ಲರಿಗೂ ಅಲ್ಲ. ಬೈಂದೂರಿನಲ್ಲೋ ಹೆಬ್ರಿಯಲ್ಲೋ ಕಣ್ಣು ಕತ್ತಲಾದವರು ಮನೆ ಚಾ ಕುಡಿದು, ಬಸ್ ಹಿಡಿದು, ಓಪಿಡಿ ಚೀಟಿ ಮಾಡಿಸುವಷ್ಟರಲ್ಲಿ ಅದು ಮುಗಿದಿರುತ್ತದೆ. ಆದ್ದರಿಂದ ಓದುವವರೆಲ್ಲ ನೆನಪಿಡಿ. ಮುಖ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ 108ಕ್ಕೆ ಫೋನ್ ಮಾಡುತ್ತೀರಲ್ಲ, ಒಂದು ಕಣ್ಣು ಇದ್ದಕ್ಕಿದ್ದಂತೆ ಕತ್ತಲಾದರೂ ಹಾಗೆಯೇ. ಐದು ನಿಮಿಷದಲ್ಲಿ ಮರಳಿ ಬಂದರೂ ಕೂಡ.

ಅಜ್ಜರಕಾಡಿನ ಅಕ್ಕ · 7.30

ಒಂದು ಮಾತು ಸೇರಿಸುತ್ತೇನೆ. ಬಿಜೈ ತಮ್ಮ, ಅಪ್ಪನ ಹತ್ತಿರ ಕೇಳಿ: ಕೆಲವು ವಾರಗಳಿಂದ ಕಣತಲೆಯ (ಕಣ್ಣು ಕಿವಿಯ ನಡುವಿನ ಜಾಗ) ಹತ್ತಿರ ತಲೆನೋವು ಇತ್ತಾ? ತಲೆ ಬಾಚುವಾಗ ನೋವು? ಜಗಿಯುವಾಗ ದವಡೆ ಸೋತು ಬರುತ್ತಿತ್ತಾ?

ನನ್ನ ಅಮ್ಮನಿಗೆ 74ರಲ್ಲಿ ಚಕ್ಕುಲಿ ತಿನ್ನುವಾಗ ದವಡೆ ನೋಯುತ್ತಿತ್ತು. ಹಲ್ಲು ಅಂದುಕೊಂಡು ಎರಡು ಹಲ್ಲು ಕೀಳಿಸಿದೆವು. ಆಮೇಲೆ ಒಂದು ಕಣ್ಣು ಹೋಯಿತು. ರಕ್ತನಾಳದ ಉರಿಯೂತವಂತೆ. ನಮ್ಮ ಕಡೆ ಕಡಿಮೆ, ಆದರೆ ಇಲ್ಲದಿಲ್ಲ. ಉರಿಯೂತ ತೋರಿಸುವ ರಕ್ತ ಪರೀಕ್ಷೆ ಇಎಸ್‌ಆರ್ ವಿಪರೀತ ಏರಿತ್ತು. ಅವತ್ತೇ ಸ್ಟೀರಾಯ್ಡ್ ಶುರು ಮಾಡಿದ ಕಾರಣ ಇನ್ನೊಂದು ಕಣ್ಣು ಉಳಿಯಿತು. 50 ದಾಟಿದವರಿಗೆ ಇದನ್ನು ನೋಡದೆ ಬಿಡಬಾರದು.

ಬಿಜೈ ಹುಡುಗ · 8.15

ಅಕ್ಕ, ಹಾಗೇನೂ ಇಲ್ಲ ಅನ್ನುತ್ತಾರೆ. ಭಾವನ ಕಥೆಯನ್ನು ಅಪ್ಪನಿಗೆ ಓದಿದೆ. ಚಾ ಗ್ಲಾಸು ಬಿದ್ದಲ್ಲಿಗೆ ಬಂದಾಗ ಸುಮ್ಮನೆ ಎದ್ದು ಹೋಗಿ ಅಂಗಿ ಹಾಕಿಕೊಂಡರು. ಹೊರಟಿದ್ದೇವೆ.

ಬಿಜೈ ಹುಡುಗ · ಬುಧವಾರ, ರಾತ್ರಿ 9.45

ಎಲ್ಲರಿಗೂ ದೊಡ್ಡ ಸಲಾಂ. ಭಾನುವಾರ ರಾತ್ರಿಯೇ ಸೇರಿಸಿಕೊಂಡರು.

ಎಂಆರ್‌ಐಯಲ್ಲಿ ಬಲಬದಿಯಲ್ಲಿ ಎರಡು ಚಿಕ್ಕ ಹೊಸ ಚುಕ್ಕೆ. ಅಪ್ಪನಿಗೆ ಏನೂ ಗೊತ್ತೇ ಇರಲಿಲ್ಲ. ಗಂಜಿ ಊಟ ಸರ್ ಹೇಳಿದ ಆ ನಾಲ್ವರಲ್ಲಿ ಒಬ್ಬರು ಇವರೇ. ಬಲ ಕ್ಯಾರೋಟಿಡ್ 40 ಪರ್ಸೆಂಟ್ ಕಟ್ಟಿದೆ, ಮೇಲ್ಮೈ ತರಿತರಿಯಾಗಿದೆಯಂತೆ. 50ಕ್ಕಿಂತ ಕಡಿಮೆ ಇರುವುದರಿಂದ ಆಪರೇಷನ್ ಬೇಡ ಅಂದರು. ಬಿಪಿ ಹೋದಾಗ 186/104 ಇತ್ತು. ಸಕ್ಕರೆ ಇದೆ ಅಂತಲೂ ಈಗಲೇ ಗೊತ್ತಾದದ್ದು, ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 7.9. ಎಕೋ ಸರಿ ಇದೆ. ಇಸಿಜಿಯೂ ಸರಿ ಇದೆ, ಆದರೂ ಹೃದಯದ ಬಡಿತವನ್ನು ಬಿಡದೆ ದಾಖಲಿಸುವ ಹೋಲ್ಟರ್ ಯಂತ್ರ ಕಟ್ಟಿದ್ದಾರೆ. ಒಂದು ಇಸಿಜಿ ಸರಿ ಬಂದ ಮೇಲೆ ಮತ್ತೆ ಯಾಕೆ ಅಂತ ಅಪ್ಪ ಶುರು ಮಾಡಿದ್ದಾರೆ.

ಕಾಪು ದೀಪ · 9.58

ಅಪ್ಪನಿಗೆ ಅವರದೇ ಭಾಷೆಯಲ್ಲಿ ಹೇಳಿ. ಚೆಕಿಂಗ್‌ನವರು ಒಂದು ಸ್ಟಾಪಿನಲ್ಲಿ ಹತ್ತಿ ಇಳಿದರೆ ಇಡೀ ದಿನ ಟಿಕೆಟ್ ಇಲ್ಲದವರು ಯಾರೂ ಹತ್ತಲಿಲ್ಲ ಅಂತ ಆಗುತ್ತದಾ? ಇಸಿಜಿ ನೋಡುವುದು ಕೆಲವು ಸೆಕೆಂಡು. ತಾಳ ತಪ್ಪುವುದು ಮಧ್ಯರಾತ್ರಿ ಎರಡು ಗಂಟೆಗೆ ಇರಬಹುದು. ನನ್ನ ಚಿಕ್ಕಮ್ಮನಿಗೆ ಎರಡು ಇಸಿಜಿ ಸರಿ ಬಂದು, ಎರಡು ವಾರದ ಮಾನಿಟರ್‌ನಲ್ಲಿ ಸಿಕ್ಕಿಬಿತ್ತು. ಅದು ಸಿಕ್ಕಿದ್ದರಿಂದ ಮದ್ದೇ ಬದಲಾಯಿತು. ಆಸ್ಪಿರಿನ್ ತೆಗೆದು ರಕ್ತ ತೆಳುವಾಗಿಸುವ ಬೇರೆ ಮಾತ್ರೆ ಕೊಟ್ಟರು.

ಟೆಸ್ಟಿಗೆ ಸಾಕಾದವ · 10.10

ಸೋತೆ. ಆದರೆ ಖರ್ಚಿನ ವಿಷಯ ಯಾರೂ ಮಾತಾಡುತ್ತಿಲ್ಲ. ಇದು ಎಲ್ಲರ ಕೈಗೆ ಎಟುಕುವಂಥದ್ದಾ?

ಮಲ್ಪೆ ಗಾಳಿ · 10.25

ಮಂಗಳೂರಿನಲ್ಲಿ ವೆನ್‌ಲಾಕ್ ಇದೆ. 1848ರಿಂದ ಇರುವ ಸರಕಾರಿ ಆಸ್ಪತ್ರೆ. ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಉಂಟು. ತುರ್ತು ಅಲ್ಲದಿದ್ದರೆ ಸರಕಾರಿ ಆಸ್ಪತ್ರೆಯಿಂದ ರೆಫರ್ ಬೇಕಾಗುತ್ತದೆ, ಅದನ್ನು ಮೊದಲೇ ಕೇಳಿಕೊಳ್ಳಿ. ದಿನದ ಮಾತ್ರೆಗೆ ಜನೌಷಧಿ ಅಂಗಡಿ. ಆಸ್ಪಿರಿನ್, ಅಟೊರ್ವಾಸ್ಟಾಟಿನ್, ಬಿಪಿ ಮಾತ್ರೆ, ಇವೆಲ್ಲ ಹಳೆಯ ಮದ್ದುಗಳು, ಅಲ್ಲಿ ಅಗ್ಗ. ಮದ್ದಿನ ದುಡ್ಡಿಗಿಂತ ಅದನ್ನು ತಪ್ಪದೆ ನುಂಗಿಸುವುದೇ ನಮ್ಮ ಮನೆಯಲ್ಲಿ ಕಷ್ಟ ಆದದ್ದು.

ಒಕ್ಕಣ್ಣ ಭಾವ · ಗುರುವಾರ, ಬೆಳಿಗ್ಗೆ 6.20

ಮಲ್ಪೆಯವರು ಹೇಳಿದ್ದು ಸತ್ಯ. ಮೊದಲ ಮೂರು ತಿಂಗಳು ಎಲ್ಲರೂ ನುಂಗುತ್ತಾರೆ. ಹೆದರಿಕೆ ಇರುತ್ತದಲ್ಲ. ಒಂದು ವರ್ಷ ಆದ ಮೇಲೆ, ಬಿಪಿ 128 ಬಂದ ದಿನ, ಇನ್ನು ಯಾಕೆ ಅನ್ನಿಸುತ್ತದೆ. ಮಾತ್ರೆಯಿಂದಲೇ 128 ಬಂದದ್ದು ಎಂಬುದು ಆ ದಿನ ತಲೆಗೆ ಹೋಗುವುದಿಲ್ಲ. ನನಗೆ ಎದೆಗೆ ಬಂದದ್ದು ಕೊಲೆಸ್ಟ್ರಾಲ್ ಮಾತ್ರೆ ಬಿಟ್ಟು ಎಂಟು ತಿಂಗಳಾದ ಮೇಲೆ. ಕಾಲು ನೋವು ಅಂತ ಬಿಟ್ಟದ್ದು. ಡಾಕ್ಟರಿಗೆ ಹೇಳಿದ್ದರೆ ಬೇರೆ ಕೊಡುತ್ತಿದ್ದರು. ಈಗ ನನ್ನ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 70ರ ಕೆಳಗೆ, ಬಿಪಿ 130/80ರ ಕೆಳಗೆ ಇರಬೇಕು ಅಂತ ಹೇಳಿದ್ದಾರೆ.

ಇನ್ನು ಉಪ್ಪು. ಸಕ್ಕರೆ ಬಿಡುವುದು ಸುಲಭ ಮಾರಾಯ್ರೆ. ಕುಚ್ಚಲಕ್ಕಿ ಗಂಜಿಗೆ ಮಾವಿನ ಮಿಡಿ ಉಪ್ಪಿನಕಾಯಿ ಇಲ್ಲ, ಒಣಮೀನಿನ ಚಟ್ನಿ ಇಲ್ಲ, ಮಳೆಗಾಲದಲ್ಲಿ ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ ಇಲ್ಲ ಅಂದರೆ ಗಂಜಿಯಲ್ಲಿ ಉಳಿದದ್ದು ಎಂತ? ನಾನು ಈಗ ಹುರುಳಿ ಚಟ್ನಿಗೆ ಹುಣಸೆಹುಳಿ ಜಾಸ್ತಿ ಹಾಕಿಸಿಕೊಳ್ಳುತ್ತೇನೆ. ಮಿಡಿ ವಾರಕ್ಕೊಂದು, ತೊಳೆದು.

ಕಡಲ ಹಕ್ಕಿ · ಮಧ್ಯಾಹ್ನ 1.05

ಇಷ್ಟು ದಿನ ಓದುತ್ತಾ ಮಾತ್ರ ಇದ್ದೆ. ನನಗೆ 36, ಕುಂದಾಪುರ. ಹೋದ ವರ್ಷ ರೆಟಿನಾದ ಒಂದು ಕವಲು ನಾಳ ಮಾತ್ರ ಕಟ್ಟಿತು, ಬಲಗಣ್ಣಿನ ಮೇಲರ್ಧ ಮಸುಕು. ಬಿಪಿ ಇಲ್ಲ, ಸಕ್ಕರೆ ಇಲ್ಲ. ಎಕೋದಲ್ಲಿ ಹೃದಯದ ಮೈಟ್ರಲ್ ಕವಾಟ ಕಿರಿದಾಗಿದೆ ಅಂತ ಸಿಕ್ಕಿತು. ಚಿಕ್ಕವಳಿದ್ದಾಗ ಗಂಟು ನೋವು, ಜ್ವರ ಬಂದದ್ದರ ಉಳಿಕೆ. ಚಿಕ್ಕ ಕವಲು ಅಂತ ನಾನೂ ಬಿಟ್ಟುಬಿಡುತ್ತಿದ್ದೆ. ಈಗ ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆಯ ಮೇಲೆ ಇದ್ದೇನೆ. ಹೊಸ ಮಾತ್ರೆ ನಿನಗೆ ಆಗುವುದಿಲ್ಲ, ಈ ಕವಾಟಕ್ಕೆ ಇದೇ ಬೇಕು ಅಂದಿದ್ದಾರೆ.

ನನ್ನ ಪ್ರಶ್ನೆ ಬಸಳೆಯದು. ಹಿತ್ತಲಿನಲ್ಲಿ ಚಪ್ಪರ ತುಂಬ ಬಸಳೆ. ಸೊಪ್ಪು ತಿನ್ನಲೇಬಾರದು ಅಂತ ಅತ್ತೆ ಹೇಳುತ್ತಾರೆ. ಬಸಳೆ ಸಿಗಡಿ ಇಲ್ಲದ ಬದುಕು ಬದುಕಾ?

ಗಂಜಿ ಊಟ · 2.30

ತಿನ್ನಬಹುದು. ಸೊಪ್ಪಿನಲ್ಲಿರುವ ವಿಟಮಿನ್ ಕೆ ವಾರ್ಫರಿನ್ನಿನ ಕೆಲಸವನ್ನು ತಗ್ಗಿಸುತ್ತದೆ. ತೊಂದರೆ ಬರುವುದು ಏರುಪೇರಿನಿಂದ. ಒಂದು ತಿಂಗಳು ಮುಟ್ಟದೆ ಇದ್ದು, ಆಮೇಲೆ ನೆಂಟರು ಬಂದಾಗ ಮೂರು ದಿನ ಎರಡೂ ಹೊತ್ತು ಹೊಡೆದರೆ ಐಎನ್‌ಆರ್, ಅಂದರೆ ರಕ್ತ ಎಷ್ಟು ತೆಳುವಾಗಿದೆ ಎಂಬ ಅಳತೆ, ಕುಸಿಯುತ್ತದೆ. ವಾರಕ್ಕೆ ಎಷ್ಟು ಸಲ, ಎಷ್ಟು ಎಂಬುದನ್ನು ಒಂದೇ ಹದದಲ್ಲಿ ಇಡಿ, ಐಎನ್‌ಆರ್ ನಿಮ್ಮ ಡಾಕ್ಟರು ಹೇಳಿದ ಮಟ್ಟದಲ್ಲಿ, ಸಾಮಾನ್ಯವಾಗಿ 2ರಿಂದ 3ರ ನಡುವೆ, ಇದೆಯಾ ನೋಡಿಸುತ್ತಿರಿ. ನೋವಿನ ಮಾತ್ರೆಯನ್ನು ಮಾತ್ರ ಕೇಳದೆ ನುಂಗಬೇಡಿ. ಗರ್ಭಿಣಿಯಾಗುವ ಯೋಚನೆ ಇದ್ದರೆ ಮೊದಲೇ ಡಾಕ್ಟರಿಗೆ ಹೇಳಿ, ಅದು ಬಸಳೆಗಿಂತ ದೊಡ್ಡ ವಿಷಯ.

ಕಡಲ ಹಕ್ಕಿ · 2.34

ಅತ್ತೆಗೆ ಸ್ಕ್ರೀನ್‌ಶಾಟ್ ಕಳಿಸಿದೆ.

ಬಿಜೈ ಹುಡುಗ · ಐದು ತಿಂಗಳ ನಂತರ

ಹೇಗಿದ್ದಾರೆ ಅಂತ ತುಂಬ ಜನ ಕೇಳಿದ್ದೀರಿ. ತಡವಾಯಿತು.

ಹೋಲ್ಟರ್‌ನಲ್ಲಿ ಏನೂ ಸಿಗಲಿಲ್ಲ. ಮೂರು ವಾರ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಎರಡು ಮಾತ್ರೆ, ಆಮೇಲಿಂದ ಕ್ಲೊಪಿಡೊಗ್ರೆಲ್ ಒಂದೇ. ಜೊತೆಗೆ ಕೊಲೆಸ್ಟ್ರಾಲ್, ಬಿಪಿ, ಸಕ್ಕರೆಯದು. ಮತ್ತೆ ಸ್ಟ್ರೋಕ್ ಆಗಿಲ್ಲ. ಕಣ್ಣು ಹಾಗೆಯೇ ಇದೆ, ಬೆಳಕು ಕತ್ತಲೆ ಮಾತ್ರ. ಆ ಕಣ್ಣನ್ನೂ ಮರೆಯಬೇಡಿ ಅಂತ ಕಣ್ಣಿನ ಡಾಕ್ಟರು ಮೊದಲ ತಿಂಗಳುಗಳಲ್ಲಿ ಮತ್ತೆ ಮತ್ತೆ ಕರೆದು ನೋಡಿದರು. ರಕ್ತ ಸಿಗದ ಕಣ್ಣಿನಲ್ಲಿ ಬೇಡದ ಹೊಸ ನಾಳ ಹುಟ್ಟಿ, ಒತ್ತಡ ಏರಿ ವಿಪರೀತ ನೋವು ಬರಬಹುದಂತೆ. ಇವರಿಗೆ ಬರಲಿಲ್ಲ.

ಯಾರೂ ಹೇಳದ ಒಂದು ವಿಷಯ, ಒಂದೇ ಕಣ್ಣಿಗೆ ದೂರ ಹತ್ತಿರದ ಅಂದಾಜು ಸಿಗುವುದಿಲ್ಲ. ಚಾ ಸೋಸುವಾಗ ಲೋಟದ ಹೊರಗೆ ಬೀಳುತ್ತಿತ್ತು. ಮೂವತ್ತು ವರ್ಷ ಓಡುವ ಬಸ್ಸಿನ ಫುಟ್‌ಬೋರ್ಡಿನಲ್ಲಿ ನೇತಾಡಿದವರು ಸ್ಟೇಟ್‌ಬ್ಯಾಂಕ್ ಬಸ್ ಸ್ಟಾಪಿನಲ್ಲಿ ಇಳಿಯುವಾಗ ಕೊನೆಯ ಮೆಟ್ಟಿಲು ತಪ್ಪಿ ಮಂಡಿ ಕೆರೆದುಕೊಂಡರು. ಅವತ್ತು ಬಹಳ ಬೇಜಾರಾದರು. ಈಗ ಮೆಟ್ಟಿಲಿನ ಅಂಚಿಗೆ ಹಳದಿ ಟೇಪ್ ಹಚ್ಚಿದ್ದೇನೆ. ಮಂಡಿ ಮತ್ತು ಟೀ ಎರಡೂ ಸುಧಾರಿಸಿವೆ.

ಬಿಪಿ ಮೆಷಿನ್ ತಂದುಕೊಟ್ಟೆ. ಹಳೆಯ ಡೈರಿಯಲ್ಲಿ ಟ್ರಿಪ್ ಶೀಟಿನ ಹಾಗೆ ಗೆರೆ ಎಳೆದು, ಬೆಳಗಿನ ಟ್ರಿಪ್, ಸಂಜೆ ಟ್ರಿಪ್ ಅಂತ ಬರೆದಿಡುತ್ತಾರೆ. ನಿನ್ನೆ ಸಂಜೆ 126/78. ಕೆಳಗೆ ಸಹಿ ಬೇರೆ.

ಹೊಗೆಸೊಪ್ಪು ಬಿಟ್ಟಿದ್ದೇನೆ ಅನ್ನುತ್ತಾರೆ. ಅಮ್ಮ ದಿನಾ ಅಂಗಿಯ ಜೇಬು ಮೂಸಿ ನೋಡುತ್ತಾರೆ.